ಸಿಫ್ನೋಸ್: ಕಾಲ್ದಾರಿ, ಕಡಲೆ ಮತ್ತು ಗಾಳಿ

ಗ್ರೀಸ್‌ಗೆ ಹೋಗುತ್ತೇವೆ ಅಂದ ಕೂಡಲೇ ಎಲ್ಲರೂ ಕೇಳಿದ್ದು ಸ್ಯಾಂಟೊರಿನಿ ದ್ವೀಪದ ಬಗ್ಗೆ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ನನಗೂ ಅಕ್ಕನಿಗೂ ಬೇಕಿದ್ದದ್ದು ನಡೆಯಲು ಒಳ್ಳೆಯ ದಾರಿ, ಜಗಳವಿಲ್ಲದೆ ಸಿಗುವ ಸಸ್ಯಾಹಾರ, ರಾತ್ರಿ ಗಲಾಟೆಯಿಲ್ಲದ ನಿದ್ದೆ. ಅಕ್ಕ ಸಾಗರದಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಂಡಿ ಸ್ವಲ್ಪ ತಕರಾರು ಮಾಡುತ್ತದೆ, ಆದರೆ ನಡೆಯುವುದರಲ್ಲಿ ನನ್ನನ್ನು ಹಿಂದೆ ಹಾಕುತ್ತಾಳೆ. ಹುಡುಕಿ ಹುಡುಕಿ ಕೊನೆಗೆ ಸಿಫ್ನೋಸ್ ಎಂಬ ಪುಟ್ಟ ದ್ವೀಪ ಸಿಕ್ಕಿತು. ಏಜಿಯನ್ ಸಮುದ್ರದ ಸಿಕ್ಲಾಡಿಸ್ ದ್ವೀಪಗಳಲ್ಲಿ ಪಶ್ಚಿಮದ ಸಾಲಿನದು. ಸುಮಾರು 74 ಚದರ ಕಿಲೋಮೀಟರ್, ಮೂರು ಸಾವಿರಕ್ಕಿಂತ ಕಡಿಮೆ ಜನ, ವಿಮಾನ ನಿಲ್ದಾಣ ಇಲ್ಲ. ಗುರುತು ಹಾಕಿದ ಕಾಲ್ದಾರಿಗಳೇ 100 ಕಿಲೋಮೀಟರ್‌ಗಿಂತ ಜಾಸ್ತಿ.

ಗುರುವಾರ: ಕಮಾರೆಸ್, ಅಪೊಲೊನಿಯಾ

ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ಈಗ ನೇರ ಮೆಟ್ರೊ ಇದೆ. ಸುಮಾರು ಒಂದು ಗಂಟೆ. ಟ್ಯಾಕ್ಸಿಗೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ಹಡಗುಗಳಲ್ಲಿ ವೇಗದ್ದು ಮೂರು ಗಂಟೆಯಲ್ಲಿ ಮುಟ್ಟಿಸುತ್ತದೆ, ನಿಧಾನದ್ದು ಐದು. ನಾವು ನಿಧಾನದ್ದನ್ನೇ ಹಿಡಿದೆವು. ಟಿಕೆಟ್ ಅಗ್ಗ, ಡೆಕ್ ಮೇಲೆ ಓಡಾಡಿಕೊಂಡು ಇರಬಹುದು, ದಾರಿಯಲ್ಲಿ ಕಿಥ್ನೋಸ್ ಮತ್ತು ಸೆರಿಫೋಸ್ ಕೂಡ ಕಣ್ಣಿಗೆ ಬೀಳುತ್ತವೆ.

ಕಮಾರೆಸ್ ಬಂದರು ಹತ್ತಿರ ಬಂದಾಗ ಅಕ್ಕನ ಮುಖ ಸಣ್ಣಗಾಯಿತು. ಎರಡೂ ಕಡೆ ಬೋಳು ಗುಡ್ಡ. ಕಂದು ಬಣ್ಣ. ಮರ ಹುಡುಕಬೇಕು. "ಇದೇನೇ, ಬರೀ ಕಲ್ಲು! ಕಲ್ಲು ನೋಡೋಕೆ ಇಷ್ಟು ದೂರ ಬಂದ್ವಾ?" ಅಂದಳು. ಸಿಫ್ನೋಸ್ ಹೊಸಬರಿಗೆ ಮೊದಲು ತೋರಿಸುವುದು ಬೆನ್ನನ್ನೇ. ಹಡಗು ನಿಲ್ಲುವುದು ಪಶ್ಚಿಮದಲ್ಲಿ, ಊರುಗಳಿರುವುದು ಗುಡ್ಡದ ಆಚೆ, ಪೂರ್ವದ ಎತ್ತರದಲ್ಲಿ. ಬಸ್ಸು ತಿರುವುಗಳನ್ನು ಹತ್ತಿ ಐದಾರು ಕಿಲೋಮೀಟರ್ ಹೋಗುತ್ತಿದ್ದಂತೆ ನೋಟವೇ ಬದಲಾಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ, ಆಲಿವ್ ಮರ, ಅವುಗಳ ನಡುವೆ ಒಂದಕ್ಕೊಂದು ಅಂಟಿಕೊಂಡ ಬಿಳಿ ಊರುಗಳು. ಅಪೊಲೊನಿಯಾ ಎಲ್ಲಿ ಮುಗಿಯಿತು, ಆನೊ ಪೆಟಾಲಿ ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಗೊತ್ತೇ ಆಗುವುದಿಲ್ಲ.

ನಮ್ಮ ಕೋಣೆ ಇದ್ದದ್ದು ಅಪೊಲೊನಿಯಾದ ಮೇಲ್ಭಾಗದ ಕಟವಾಟಿಯಲ್ಲಿ. ಅಲ್ಲಿಗೆ ಕಾರು ಬರುವುದಿಲ್ಲ. ಚಕ್ರದ ಸೂಟ್‌ಕೇಸನ್ನು ಕಲ್ಲುಮೆಟ್ಟಿಲ ಮೇಲೆ ಎಳೆದು ಬೆವರು ಕಿತ್ತುಕೊಂಡಿತು. ಬೆನ್ನಿಗೆ ಹಾಕುವ ಬ್ಯಾಗೇ ಇಲ್ಲಿಗೆ ಸರಿ. ಮನೆಯೊಡತಿ ಅರವತ್ತು ದಾಟಿದ ಗಟ್ಟಿ ಹೆಂಗಸು. ಬೇಸಿಗೆಯ ಅತಿಥಿಗಳಿಂದ ಕಲಿತ ಇಂಗ್ಲಿಷ್. ನಮ್ಮ ಕೈಗೆ ನಿಂಬೆ ಷರಬತ್ತು ಕೊಟ್ಟು, ನಮ್ಮ ಶೂಗಳನ್ನು ನೋಡಿ, "ನಡೆಯಲು ಬಂದಿರಾ? ಒಳ್ಳೇದು. ಆಗಸ್ಟ್‌ನಲ್ಲಿ ಬರುವವರು ಕುಡಿಯಲು ಬರುತ್ತಾರೆ" ಅಂದಳು.

ಸಂಜೆ ಆನೊ ಪೆಟಾಲಿಯ ಮೂಲಕ ಆರ್ಟೆಮೊನಾಸ್‌ಗೆ ಹೋದೆವು. ಇಪ್ಪತ್ತು ನಿಮಿಷದ ಓಣಿ. ನೆಲಕ್ಕೆ ಹಾಸಿದ ಚಪ್ಪಡಿಗಳ ಸಂದುಗಳಿಗೆಲ್ಲ ಸುಣ್ಣ ಬಳಿದಿರುತ್ತಾರೆ. ಕತ್ತಲಾದ ಮೇಲೂ ಹೆಜ್ಜೆ ಎಲ್ಲಿಡಬೇಕು ಅಂತ ತಿಳಿಯುತ್ತದೆ. ಮನೆಗಳ ಮೇಲೆ ಹೊಗೆ ಹೋಗಲು ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ, ಒಡೆದ ಗಡಿಗೆಯೂ ಇಲ್ಲಿ ವ್ಯರ್ಥ ಆಗುವುದಿಲ್ಲ. ಊರಿನ ಹಳೆಯ ಕಸುಬೇ ಕುಂಬಾರಿಕೆ.

ಊಟದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಸಸ್ಯಾಹಾರಿಗಳಿಗೆ ಉಪಯೋಗ ಆದೀತು. ಗ್ರೀಕ್ ಆರ್ಥಡಾಕ್ಸ್ ಜನ ವರ್ಷದಲ್ಲಿ ಬಹಳ ದಿನ ಉಪವಾಸ ಹಿಡಿಯುತ್ತಾರೆ. ಆಗ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆ ಅಡುಗೆಗೆ "ನಿಸ್ತಿಸಿಮೊ" ಅನ್ನುತ್ತಾರೆ. ಹೋಟೆಲಿನಲ್ಲಿ "ವೆಜಿಟೇರಿಯನ್" ಅಂದರೆ ಚೀಸ್ ಹಾಕಿದ ಸಲಾಡ್ ಬರುತ್ತದೆ, "ನಿಸ್ತಿಸಿಮೊ" ಅಂದರೆ ನಿಜವಾದ ಅಡುಗೆ ಬರುತ್ತದೆ. ಆದರೆ ಒಂದು ಕೊಕ್ಕೆ ಇದೆ. ಅವರ ಉಪವಾಸದಲ್ಲಿ ಆಕ್ಟೊಪಸ್, ಸ್ಕ್ವಿಡ್, ಸೀಗಡಿ ನಡೆಯುತ್ತದೆ! ಹಾಗಾಗಿ "ಸಮುದ್ರದ್ದೂ ಬೇಡ" ಅಂತ ಸೇರಿಸಲೇಬೇಕು. ನಮಗೆ ಬಂದದ್ದು ಕಡಲೆ ರುಬ್ಬಿ ಸೊಪ್ಪು ಹಾಕಿ ಕರಿದ ರೆವಿಥೊಕೆಫ್ತೇಡೆಸ್, ಕೇಪರ್ ಮೊಗ್ಗನ್ನು ಈರುಳ್ಳಿಯ ಜೊತೆ ಬೇಯಿಸಿ ಮಾಡಿದ ಹುಳಿಹುಳಿ ಪಲ್ಯ, ಬ್ರೆಡ್. ಅಕ್ಕ ಒಂದು ತುಂಡು ಮುರಿದು ಮೂಸಿದಳು, ಬಾಯಿಗಿಟ್ಟಳು. "ಅಂಬೊಡೆನೇ ಕಣೇ ಇದು. ಶುಂಠಿ ಮರೆತಿದ್ದಾರೆ ಅಷ್ಟೇ" ಅಂದಳು. ಅಲ್ಲಿಂದ ಮುಂದೆ ಅವಳಿಗೆ ದ್ವೀಪದ ಮೇಲೆ ಬೇಜಾರು ಉಳಿಯಲಿಲ್ಲ.

ಶುಕ್ರವಾರ: ಕಾಸ್ಟ್ರೊ

ಬೆಳಗ್ಗೆ ಎಂಟಕ್ಕೆ ಹೊರಟೆವು. ಅಪೊಲೊನಿಯಾದಿಂದ ಕಾಸ್ಟ್ರೊಗೆ ಮೂರು ಕಿಲೋಮೀಟರ್ ಇಳಿಜಾರು. ಡಾಂಬರು ರಸ್ತೆಯೂ ಇದೆ, ಆದರೆ ಹಳೆಯ ಕಾಲ್ದಾರಿ ಕಣಿವೆಯೊಳಗೆ ಇಳಿಯುತ್ತದೆ. ಎರಡೂ ಬದಿ ಎದೆ ಎತ್ತರದ ಕಲ್ಲಿನ ಗೋಡೆ. ಸಿಮೆಂಟೂ ಇಲ್ಲ, ಗಾರೆಯೂ ಇಲ್ಲ. ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ್ದು. ಈ ಕಟ್ಟುವ ಕಲೆಯನ್ನು ಯುನೆಸ್ಕೊ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರೀಸ್ ಸೇರಿದಂತೆ ಯುರೋಪಿನ ಎಂಟು ದೇಶಗಳ ಹೆಸರಲ್ಲಿ. ಗೋಡೆಯ ಬಿರುಕುಗಳಲ್ಲೆಲ್ಲ ಕೇಪರ್ ಗಿಡ ಬೇರುಬಿಟ್ಟಿತ್ತು. ಬಿಳಿ ಎಸಳಿನ ನಡುವೆ ನೇರಳೆ ಕೇಸರಗಳ ಹೂವು. ನಾವು ತಿನ್ನುವುದು ಅದರ ಮೊಗ್ಗು ಅಂತ ಆಗಲೇ ಗೊತ್ತಾದದ್ದು.

ಇನ್ನೊಂದು ಕಣ್ಣಿಗೆ ಬೀಳುವುದು ಪಾರಿವಾಳದ ಗೂಡುಗಳು. ಗೂಡು ಅಂದರೆ ಎರಡಂತಸ್ತಿನ ಕಟ್ಟಡ! ತೆಳು ಚಪ್ಪಡಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ಮುಂಭಾಗಕ್ಕೆ ಜಾಲರಿ ಮಾಡಿರುತ್ತಾರೆ. ಹಿಂದೆ ಮಾಂಸಕ್ಕೂ ಗೊಬ್ಬರಕ್ಕೂ ಸಾಕುತ್ತಿದ್ದರಂತೆ. ಅಕ್ಕ ಗೊಬ್ಬರದ ವಿಷಯವನ್ನು ಮಾತ್ರ ಕೇಳಿಸಿಕೊಂಡಳು.

ಕಾಸ್ಟ್ರೊ ಸಮುದ್ರದ ಮೇಲಿನ ಬಂಡೆಯ ನೆತ್ತಿಯಲ್ಲಿದೆ. ದ್ವೀಪದ ಹಳೆಯ ರಾಜಧಾನಿ. ಹೊರಗಿನ ಸಾಲಿನ ಮನೆಗಳ ಹಿಂಗೋಡೆಗಳೇ ಕೋಟೆ. ಕಡಲ್ಗಳ್ಳರ ಕಾಲದ ಉಪಾಯ. ಒಳಗೆ ಎರಡು ಮಟ್ಟದಲ್ಲಿ ಓಣಿಗಳಿವೆ. ಕೆಳಗಿನ ಮನೆಗೆ ಕೆಳಗಿನ ಓಣಿಯಿಂದ ಬಾಗಿಲು, ಅದರ ಮೇಲಿನ ಮನೆಗೆ ಮೇಲಿನ ಓಣಿಯಿಂದ ಪುಟ್ಟ ಸೇತುವೆ. ಯಾರ ಸೂರು ಯಾರ ಅಂಗಳವೋ! ಓಣಿಯ ಮಗ್ಗುಲಲ್ಲಿ ರೋಮನ್ ಕಾಲದ ಕಲ್ಲಿನ ಶವಪೆಟ್ಟಿಗೆಗಳು ಸುಮ್ನೆ ಬಿದ್ದಿವೆ. ಒಂದರ ಮೇಲೆ ಬೆಕ್ಕು ಮಲಗಿತ್ತು. ಬೇರೆ ಕಡೆ ಆಗಿದ್ದರೆ ಗಾಜು ಹಾಕಿ ಟಿಕೆಟ್ ಇಡುತ್ತಿದ್ದರು.

ಈ ಬಡ ಕಲ್ಲುದ್ವೀಪ ಒಂದು ಕಾಲದಲ್ಲಿ ದ್ವೀಪಗಳಲ್ಲೇ ಸಿರಿವಂತ ಆಗಿತ್ತು ಅಂದರೆ ನಂಬುವುದು ಕಷ್ಟ. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಇಲ್ಲಿ ಚಿನ್ನ, ಬೆಳ್ಳಿಯ ಗಣಿಗಳಿದ್ದವು. ಪ್ರತಿ ವರ್ಷ ಬಂದದ್ದನ್ನು ಜನ ತಮ್ಮೊಳಗೇ ಹಂಚಿಕೊಳ್ಳುತ್ತಿದ್ದರು. ಹತ್ತರಲ್ಲಿ ಒಂದು ಪಾಲಿನಿಂದ, ಜನ ಕಣಿ ಕೇಳಲು ಹೋಗುತ್ತಿದ್ದ ಡೆಲ್ಫಿ ಎಂಬ ಪುಣ್ಯಕ್ಷೇತ್ರದಲ್ಲಿ ಅಪೊಲೊ ದೇವರಿಗೆ ಒಂದು ಭಂಡಾರವನ್ನೇ ಕಟ್ಟಿಸಿದರು, ಕ್ರಿ.ಪೂ. 525ರ ಸುಮಾರಿಗೆ. ಈ ಸಿರಿ ಎಷ್ಟು ದಿನ ಇರುತ್ತದೆ ಅಂತ ಕೇಳಿದಾಗ, ನಿಮ್ಮ ಪೇಟೆ ಬಿಳಿಯಾದಾಗ ಕೆಂಪು ದೂತನ ಬಗ್ಗೆ ಎಚ್ಚರ ಅಂತ ಡೆಲ್ಫಿಯಲ್ಲಿ ಕಣಿ ಹೇಳಿದರಂತೆ. ಆ ಹೊತ್ತಿಗೆ ಇವರ ಪೇಟೆಗೆ ಬಿಳಿ ಅಮೃತಶಿಲೆ ಹಾಸಿ ಆಗಿತ್ತು. ಸೇಮೋಸ್ ದ್ವೀಪದವರು ಕೆಂಪು ಬಳಿದ ಹಡಗಿನಲ್ಲಿ ಬಂದು ಹತ್ತು ಟ್ಯಾಲೆಂಟ್ (ಆ ಕಾಲದ ಹಣದ ಅಳತೆ) ಸಾಲ ಕೇಳಿದರು. ಕೊಡಲಿಲ್ಲ. ಊರು ಲೂಟಿ ಮಾಡಿ ನೂರು ಟ್ಯಾಲೆಂಟ್ ಕಿತ್ತುಕೊಂಡು ಹೋದರು. ದೇವರ ಪಾಲು ನಿಲ್ಲಿಸಿದ್ದಕ್ಕೇ ಸಮುದ್ರ ಉಕ್ಕಿ ಗಣಿಗಳನ್ನು ಮುಳುಗಿಸಿತು ಅಂತ ಆಮೇಲೆ ಬಂದ ಪ್ರವಾಸಿ ಲೇಖಕ ಪೌಸಾನಿಯಸ್ ಬರೆದ. ಅಕ್ಕ ಎಲ್ಲ ಕೇಳಿ, "ಹತ್ತು ಕೊಟ್ಟಿದ್ದರೆ ತೊಂಬತ್ತು ಉಳೀತಿತ್ತು" ಅಂತ ಲೆಕ್ಕ ಹೇಳಿದಳು. ಟೀಚರ್ ಅಲ್ವಾ.

ಊರಿನ ಕೆಳಗೆ, ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಏಳು ಹುತಾತ್ಮರ ಪುಟ್ಟ ಚರ್ಚು. ಸಿಫ್ನೋಸ್‌ನ ಚಿತ್ರಗಳಲ್ಲಿ ಎಲ್ಲ ಕಡೆ ಇರುವುದು ಇದೇ. ಮೆಟ್ಟಿಲು ಇಳಿಯುವಾಗ ಗಾಳಿ ತಳ್ಳುತ್ತದೆ, ಹತ್ತುವಾಗ ಮಂಡಿ ಮಾತಾಡುತ್ತದೆ. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ನನಗೆ ಕಣಿವೆಯ ಆ ಗೋಡೆಗಳೇ ಹೆಚ್ಚು ಹಿಡಿಸಿದವು. ಬಿಸಿಲಿನಲ್ಲಿ ಹತ್ತುವುದು ಬೇಡ ಅಂತ ವಾಪಸ್ ಬಸ್ಸಿನಲ್ಲಿ ಬಂದೆವು. ಮೇ ತಿಂಗಳಲ್ಲಿ ಬಸ್ಸು ಕಡಿಮೆ. ಅಪೊಲೊನಿಯಾದ ನಿಲ್ದಾಣದಲ್ಲಿ ಅಂಟಿಸಿದ ವೇಳಾಪಟ್ಟಿಯ ಫೋಟೊ ಹೊಡೆದುಕೊಳ್ಳುವುದು ಜಾಣತನ.

ಶನಿವಾರ: ವಥಿ

ಉದ್ದದ ನಡಿಗೆಯ ದಿನ. ಕಟವಾಟಿಯಿಂದ ಗುಡ್ಡದ ಬೆನ್ನು ದಾಟಿ ನೈರುತ್ಯದ ವಥಿ ಕೊಲ್ಲಿಗೆ ಇಳಿಯುವುದು. ನಮ್ಮ ವೇಗಕ್ಕೆ ಇಡೀ ಬೆಳಗ್ಗೆ ಬೇಕಾಯಿತು. ದಾರಿಯಲ್ಲಿ ಅಂಗಡಿ ಇಲ್ಲ, ನಲ್ಲಿ ಇಲ್ಲ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಹೊರಲೇಬೇಕು.

ಹೊರಡುವಾಗ ಮನೆಯೊಡತಿ ಒಂದು ಕೋಲು ಕೊಟ್ಟು, ಹಾವಿನ ವಿಷಯ ಹೇಳಿದಳು. ಅದು ಈ ನಾಲ್ಕು ದ್ವೀಪಗಳಲ್ಲಿ ಮಾತ್ರ ಇರುವ ವಿಷದ ಹಾವು. ಮಿಲೋಸ್, ಕಿಮೊಲೋಸ್, ಪೊಲಿಯೆಗೋಸ್ ಮತ್ತು ಇಲ್ಲಿ. ಬಹಳ ಅಪರೂಪ, ಅಳಿವಿನ ಅಂಚಿನಲ್ಲಿದೆ, ಅದಕ್ಕೇ ತೊಂದರೆ ಕೊಡಬೇಡಿ ಅಂದಳು. ಮಲೆನಾಡಿನವರಿಗೆ ಹಾವಿನ ಪಾಠ ಬೇಡ. ಆದರೂ ಅಕ್ಕ ದಾರಿಯುದ್ದಕ್ಕೂ ಕೋಲು ಕುಟ್ಟುತ್ತಲೇ ನಡೆದಳು. ಕಂಡದ್ದು ಹಲ್ಲಿಗಳು ಮಾತ್ರ.

ಮೊದಲ ಏರಿನಲ್ಲಿ ಊರಿನ ಸದ್ದು ಹಿಂದೆ ಉಳಿಯಿತು. ಥೈಮ್ ಎಂಬ ಘಮದ ಗಿಡ ಆಗಷ್ಟೇ ಹೂ ಬಿಡುತ್ತಿತ್ತು. ಚಪ್ಪಲಿಗೆ ತಾಗಿದರೆ ಸಾಕು, ಘಮ. ಅದೇ ಹೂವಿನಿಂದ ಇಲ್ಲಿಯ ಜೇನು. ಎಡಗಡೆ ದೂರದ ಗುಡ್ಡದ ಮೇಲೆ ಆಗಿಯೋಸ್ ಆಂಡ್ರಿಯಾಸ್. ಕ್ರಿ.ಪೂ. 13ನೇ ಶತಮಾನದ, ಮೈಸಿನಿಯನ್ ಎಂಬ ಹಳೆಯ ಗ್ರೀಕ್ ನಾಗರಿಕತೆಯ ಕೋಟೆಯ ಊರು. ಗೋಡೆಗಳ ಬುಡ ಈಗಲೂ ಇದೆ, ಪಕ್ಕದಲ್ಲಿ ಸಣ್ಣ ಮ್ಯೂಸಿಯಂ. ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಾರೆ, ನೋಡಬೇಕಿದ್ದರೆ ಬೆಳಗ್ಗೆಯೇ ಹೋಗಬೇಕು. ಬಲಗಡೆ ಪ್ರವಾದಿ ಎಲಿಯಾಸ್‌ನ ಶಿಖರ, 680 ಮೀಟರ್ ಹತ್ತಿರ, ತುದಿಯಲ್ಲಿ ಕೋಟೆಯಂಥ ಮಠ. ಜುಲೈ 19ರ ಸಂಜೆ ಊರಿಗೂರೇ ಪಂಜು ಹಿಡಿದು ಹತ್ತುತ್ತದಂತೆ.

ಪ್ರತಿ ತಿರುವಿನಲ್ಲೂ ಒಂದು ಚರ್ಚು ಇದೆ ಅಂದರೆ ಉತ್ಪ್ರೇಕ್ಷೆ ಅಲ್ಲ. ಕೆಲವು ನಮ್ಮ ಅಡುಗೆಮನೆಯಷ್ಟು. ಬೀಗ ಇಲ್ಲ, ಚಿಲಕ ಮಾತ್ರ. ಒಳಗೆ ಒಂದು ದೀಪ, ಎಣ್ಣೆ ಬಾಟಲಿ, ಬೆಂಕಿಪೊಟ್ಟಣ. ಹೋದವರು ದೀಪ ಹಚ್ಚಬಹುದು. ಬರುವಾಗ ಚಿಲಕ ಹಾಕಬೇಕು, ಇಲ್ಲದಿದ್ದರೆ ಆಡು ನುಗ್ಗುತ್ತದೆ. ಒಂದರ ನೆರಳಿನಲ್ಲಿ ಕೂತು ಬ್ರೆಡ್ಡು, ಟೊಮೆಟೊ, ನಾವು ತಂದಿದ್ದ ಚಟ್ನಿಪುಡಿ ತಿಂದೆವು. ಆ ಹೊತ್ತಿಗೆ ಇಡೀ ಕಣಿವೆಯಲ್ಲಿ ಆಡಿನ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ.

ಏಳಲು ಹೋದಾಗ ಅಕ್ಕನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದ ಟ್ರೆಕ್ಕಿಂಗ್ ಶೂ. ನೋಡಲು ಹೊಸದೇ, ಆದರೆ ಅಟ್ಟೆ ಪೂರ್ತಿ ಕಿತ್ತು ಕೈಗೆ ಬಂತು. ಬಳಸದೆ ಇಟ್ಟರೆ ಈ ನಮೂನೆ ಅಟ್ಟೆ ಒಳಗೊಳಗೇ ಪುಡಿಯಾಗುತ್ತದಂತೆ. ಬಟ್ಟೆ ಒಣಹಾಕಲು ಬ್ಯಾಗಿನಲ್ಲಿ ಯಾವಾಗಲೂ ಇರುವ ನೈಲಾನ್ ಹಗ್ಗ ನಮ್ಮನ್ನು ಉಳಿಸಿತು. ಪಾರ್ಸಲ್ ಕಟ್ಟಿದ ಹಾಗೆ ಸುತ್ತಿ ಸುತ್ತಿ ಕಟ್ಟಿದೆ. ಹತ್ತು ನಿಮಿಷಕ್ಕೊಮ್ಮೆ ಸಡಿಲ ಆಗುತ್ತಿತ್ತು. ಇಳಿಜಾರಿನ ಜಾರುಕಲ್ಲಿನಲ್ಲಿ ಅವಳು ಕೋಲೂರಿ, ನಾನು ಅವಳ ತೋಳು ಹಿಡಿದು, ಹೇಗೋ ಇಳಿದೆವು.

ವಥಿ ಬಹುಪಾಲು ದುಂಡಗಿನ ಕೊಲ್ಲಿ. ನೀರು ಕದಡುವುದೇ ಇಲ್ಲ. ಸಮುದ್ರಕ್ಕೆ ಕಾಲಿಟ್ಟು ನಿಂತ ಬಿಳಿ ಚರ್ಚು, ನಾಲ್ಕಾರು ಊಟದ ಮನೆಗಳು, ಮರಳಿಗೆ ಅಂಟಿದಂತೆ ಒಂದು ಕುಂಬಾರನ ಮನೆ. ಕೆಲವು ದಶಕದ ಹಿಂದಿನವರೆಗೆ ಇಲ್ಲಿಗೆ ರಸ್ತೆಯೇ ಇರಲಿಲ್ಲ. ಬರುವವರು ದೋಣಿಯಲ್ಲಿ, ಇಲ್ಲವೇ ನಾವು ಬಂದ ದಾರಿಯಲ್ಲಿ ಕತ್ತೆಯ ಜೊತೆ. ಮಡಕೆಗಳು ಹೊರಗೆ ಹೋಗುತ್ತಿದ್ದದ್ದೂ ದೋಣಿಯಲ್ಲೇ. ಕುಂಬಾರ ಅಕ್ಕನ ಕಾಲು ನೋಡಿ ಮಾತೇ ಆಡಲಿಲ್ಲ. ಒಳಗೆ ಹೋಗಿ ಗೋಂದು, ತಂತಿ ತಂದ. ಶೂ ಬಿಚ್ಚಿಸಿ, ಉಜ್ಜಿ, ಅಂಟಿಸಿ, ಮೇಲೆ ಒಂದು ಹಸಿಮಣ್ಣಿನ ಮುದ್ದೆಯನ್ನೇ ಭಾರಕ್ಕೆ ಇಟ್ಟ. ಒಣಗುವವರೆಗೆ ಅವಳು ಬರಿಗಾಲಲ್ಲಿ ನೀರಿನಲ್ಲಿ ಆಡಿಕೊಂಡಿದ್ದಳು. ದುಡ್ಡು ಕೊಡಲು ಹೋದರೆ ತಲೆ ಮೇಲಕ್ಕೆತ್ತಿ "ಚ್" ಅಂದ. ಇಲ್ಲಿ ಬೇಡ ಅನ್ನುವುದು ಹಾಗೆ. ಸರಿ, ಅಕ್ಕ ಮುಚ್ಚಳವಿರುವ ಒಂದು ಮಣ್ಣಿನ ಪಾತ್ರೆ ಕೊಂಡಳು. ಎರಡು ಕೆ.ಜಿ. ಇರಬಹುದು. ಅದು ಉಳಿದ ಪ್ರವಾಸ ಪೂರ್ತಿ ನನ್ನ ಬೆನ್ನ ಮೇಲೆ ಇತ್ತು ಅನ್ನುವುದು ಬೇರೆ ಮಾತು.

ಸಂಜೆ ಬಸ್ಸಿನಿಂದ ಇಳಿದರೆ ಓಣಿಯಲ್ಲಿ ಹೆಂಗಸರು, ಗಂಡಸರು ಅಂಥದ್ದೇ ಪಾತ್ರೆಗಳನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಹೋಗುತ್ತಿದ್ದರು. ನಮ್ಮ ಮನೆಯೊಡತಿಯೂ ಇದ್ದಳು. "ಬನ್ನಿ" ಅಂದಳು, ಹಿಂದೆ ಹೋದೆವು. ಬೇಕರಿಯ ಹಿಂದೆ ಕಟ್ಟಿಗೆ ಒಲೆ. ಬೇಕರಿಯವನು ಉದ್ದ ಸಲಿಕೆಯಿಂದ ಒಂದೊಂದೇ ಪಾತ್ರೆ ಒಳಗೆ ತಳ್ಳುತ್ತಿದ್ದ. ಎಲ್ಲದರಲ್ಲೂ ಒಂದೇ ಅಡುಗೆ: ನೆನೆಸಿದ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ, ಲಾರೆಲ್ ಎಲೆ, ಉಪ್ಪು, ನೀರು. ಹೆಸರು ರೆವಿಥಾದ. ರಾತ್ರಿಯಿಡೀ ಒಲೆಯ ಕಾವಿನಲ್ಲಿ ಬೇಯುತ್ತದೆ, ಭಾನುವಾರ ಚರ್ಚು ಮುಗಿಸಿ ಬರುವಾಗ ತೆಗೆದುಕೊಂಡು ಹೋಗುತ್ತಾರೆ. ಯಾರದು ಯಾವುದು ಅಂತ ತಿಳಿಯಲು ಹಿಡಿಗೆ ದಾರ, ತಂತಿ, ಬಟ್ಟೆ ಚೂರು ಕಟ್ಟಿದ್ದರು. ನಲ್ಲಿ ನೀರಿಗೆ ಕಡಲೆ ಮೆತ್ತಗಾಗುವುದಿಲ್ಲ, ಮಳೆ ನೀರೇ ಬೇಕು ಅಂತ ಒಬ್ಬ ಅಜ್ಜಿ ವಾದ ಮಾಡುತ್ತಿದ್ದಳು. ಮನೆಯೊಡತಿ ಅನುವಾದ ಮಾಡಿದಳು. ಅಲ್ಲಿಂದ ಮಾತು ನೀರಿಗೆ ಹೊರಳಿತು. ಗುಡ್ಡದ ಮೇಲೆ ಈಜುಕೊಳದ ಬಂಗಲೆಗಳು ಏಳುತ್ತಿವೆ, ಸುತ್ತ ಸಮುದ್ರ ಇಟ್ಟುಕೊಂಡು ಕೊಳ ಯಾಕೆ ಬೇಕು ಅಂತ ಅಜ್ಜಿಗೆ ಸಿಟ್ಟು. ಸಿಟ್ಟು ನ್ಯಾಯವಾದದ್ದೇ.

ಭಾನುವಾರ: ಎಲ್ಲೂ ಹೋಗಲಿಲ್ಲ

ಮನೆಯೊಡತಿ ನಮಗೂ ಎರಡು ತಟ್ಟೆ ಇಟ್ಟಿದ್ದಳು. ಹೋಟೆಲಿನಲ್ಲೂ ಭಾನುವಾರ ರೆವಿಥಾದ ಸಿಗುತ್ತದೆ, ಆದರೆ ಮಧ್ಯಾಹ್ನ ತಡವಾದರೆ ಖಾಲಿ. ಹಿಂದಿನ ದಿನವೇ ಹೇಳಿಟ್ಟರೆ ಒಳ್ಳೇದು.

ಮುಚ್ಚಳ ತೆಗೆದಾಗ ಮೇಲೆ ಕಂದು ಕೆನೆ ಕಟ್ಟಿತ್ತು. ಕಡಲೆ ಇಡಿಯಾಗಿಯೇ ಇದೆ, ನಾಲಿಗೆಗೆ ತಾಗಿದರೆ ಕರಗುತ್ತದೆ. ಒಗ್ಗರಣೆ ಇಲ್ಲ, ಮಸಾಲೆ ಇಲ್ಲ, ಖಾರ ಅಂತೂ ಇಲ್ಲವೇ ಇಲ್ಲ. ನಿಂಬೆ ಹಿಂಡಿಕೊಂಡು ತಿನ್ನಬೇಕು. ಮೊದಲ ಚಮಚಕ್ಕೆ ಸಪ್ಪೆ ಅನಿಸಿತು. ನಾಲ್ಕನೆಯದಕ್ಕೆ ಹಾಗೆ ಅನಿಸಲಿಲ್ಲ. ಅಕ್ಕ ಚಟ್ನಿಪುಡಿಯ ಡಬ್ಬಿ ತರಲು ಎದ್ದವಳು ಮತ್ತೆ ಕೂತಳು. ಅದು ಅವಳು ಯಾವ ಅಡುಗೆಗೂ ಕೊಡದ ಮರ್ಯಾದೆ.

ಗ್ರೀಕರ ಮನೆಗಳಲ್ಲಿ ಪ್ರಸಿದ್ಧವಾದ ಅಡುಗೆ ಪುಸ್ತಕ ಬರೆದ ನಿಕೊಲಾಸ್ ತ್ಸೆಲೆಮೆಂಟೆಸ್ ಕೂಡ ಈ ದ್ವೀಪದವರು. ಫ್ರೆಂಚ್ ಪದ್ಧತಿಯ ಬಿಳಿ ಸಾಸನ್ನು ಮುಸಾಕಾ ಎಂಬ ಬದನೆ-ಮಾಂಸದ ಅಡುಗೆಯ ಮೇಲೆ ತಂದವರು ಅವರೇ ಅನ್ನುತ್ತಾರೆ. ಮನೆಯೊಡತಿಗೆ ಆ ಹೆಮ್ಮೆ ಇದೆ, ಆದರೆ ಪುಸ್ತಕ ಇಲ್ಲ. "ಕಡಲೆಗೆ ಪುಸ್ತಕ ಯಾಕೆ?" ಅಂದಳು. ಊಟದ ಕೊನೆಗೆ ಮನುರ ಚೀಸ್ ಇಟ್ಟಳು, ದ್ರಾಕ್ಷಾರಸದ ಗಸಿಯಲ್ಲಿ ಹಣ್ಣಾಗಿಸಿದ್ದು. ಹಾಲು ಒಡೆಸಲು ಕರುವಿನದೋ ಮರಿಯದೋ ಹೊಟ್ಟೆಯ ಕಿಣ್ವ ಹಾಕಿರುತ್ತಾರೆ ಅಂತ ಗೊತ್ತಿದ್ದರಿಂದ ಅಕ್ಕ ಮುಟ್ಟಲಿಲ್ಲ. ಕಟ್ಟುನಿಟ್ಟಿನವರು ಇದನ್ನು ಕೇಳಿ ತಿಳಿದುಕೊಳ್ಳಬೇಕು. ಅವಳಿಗೆ ಎಳ್ಳು ಜೇನಿನ ಪಾಸ್ತೆಲಿ ಸಿಕ್ಕಿತು. ಮಧ್ಯಾಹ್ನ ಇಬ್ಬರೂ ಹೊಡೆದ ನಿದ್ದೆಗೆ ಸಂಜೆಯ ನಡಿಗೆ ತಪ್ಪಿತು. ಯಾರಿಗೂ ಬೇಸರ ಆಗಲಿಲ್ಲ.

ಸೋಮವಾರ: ಫಾರೋಸ್‌ನಿಂದ ಕ್ರಿಸೊಪಿಗಿ

ಬಸ್ಸಿನಲ್ಲಿ ಫಾರೋಸ್‌ಗೆ ಹೋಗಿ ಅಲ್ಲಿಂದ ಸಮುದ್ರದ ಅಂಚಿನ ಕಾಲ್ದಾರಿ. ಸಿಫ್ನೋಸ್‌ನಲ್ಲಿ ಒಂದೇ ನಡಿಗೆಗೆ ಸಮಯ ಇರುವವರು, ಮಂಡಿ ನೋವಿನವರು ಇದನ್ನೇ ಮಾಡಬೇಕು. ಹೆಚ್ಚು ಏರಿಲ್ಲ. ಗ್ಲಿಫೊ ಎಂಬ ಸಣ್ಣ ತೀರ ದಾಟಿ, ಬಂಡೆಯ ಮೇಲೆ ಅರ್ಧ ಗಂಟೆ.

ಫಾರೋಸ್‌ನಲ್ಲಿ ಕಾಫಿ ಕುಡಿಯುವಾಗ ಪಕ್ಕದ ಮೇಜಿನ ಮುದುಕ "ಇಂಡಿಯಾ?" ಅಂದ. ಹೌದು ಅಂದೆವು. "ಬಾಂಬೆ? ಮಂಗಲೋರ್?" ಅಕ್ಕನ ಕಾಫಿ ನೆತ್ತಿಗೆ ಹತ್ತಿತು. ಮನುಷ್ಯ ಸರಕು ಹಡಗಿನಲ್ಲಿ ಎಂಜಿನ್ ಕೆಲಸ ಮಾಡಿದವ. 80ರ ದಶಕದಲ್ಲಿ ಕುದುರೆಮುಖದ ಅದಿರು ತುಂಬಿಸಲು ನವಮಂಗಳೂರು ಬಂದರಿಗೆ ಬಂದಿದ್ದನಂತೆ. ಅವನ ನೆನಪಿನಲ್ಲಿ ಮಂಗಳೂರು ಅಂದರೆ ಮಳೆ. "ಮೇಲಿಂದಲ್ಲ, ಪಕ್ಕದಿಂದ ಬರುವ ಮಳೆ" ಅಂತ ಕೈಯಲ್ಲಿ ತೋರಿಸಿದ. ಆ ಗಣಿ ಈಗ ಹೇಗಿದೆ ಅಂತ ಕೇಳಿದ. 2005ರ ಕೊನೆಗೆ ನಿಂತಿತು, ಅದು ರಾಷ್ಟ್ರೀಯ ಉದ್ಯಾನದೊಳಗಿನ ಕಾಡು ಅಂದೆವು. ತಲೆಯಾಡಿಸಿದ. ಈ ದ್ವೀಪದಲ್ಲೂ ಅವನ ಅಜ್ಜನ ಕಾಲದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರಂತೆ, ಅದೂ ಮುಚ್ಚಿಹೋಯಿತು. ಆಮೇಲೆ ಗಂಡಸರೆಲ್ಲ ಒಂದೋ ಮಡಕೆ, ಇಲ್ಲಾ ಹಡಗು. ಕಾಫಿಯ ದುಡ್ಡು ಅವನೇ ಕೊಟ್ಟ. ನಾವು ಎಷ್ಟು ಬೇಡ ಅಂದರೂ ಅದೇ "ಚ್".

ಕ್ರಿಸೊಪಿಗಿ ಸಮುದ್ರಕ್ಕೆ ಚಾಚಿದ ಒಂದು ನಾಲಿಗೆ ಬಂಡೆ. ನಡುವೆ ಸೀಳಿದೆ. ಸೀಳಿನ ಮೇಲೆ ಪುಟ್ಟ ಸೇತುವೆ, ತುದಿಯಲ್ಲಿ 1650ರಲ್ಲಿ ಕಟ್ಟಿದ ಮಠ. ಕಡಲ್ಗಳ್ಳರು ಅಟ್ಟಿಸಿಕೊಂಡು ಬಂದಾಗ ಹೆಂಗಸರು ಇಲ್ಲಿ ಓಡಿಬಂದು ಮೇರಿ ಮಾತೆಗೆ ಮೊರೆಯಿಟ್ಟರು, ಬಂಡೆ ಸೀಳಿ ಕಳ್ಳರು ಆಚೆ ಉಳಿದರು ಎಂಬುದು ಐತಿಹ್ಯ. ದ್ವೀಪವನ್ನು ಕಾಯುವ ದೇವಿ ಇವಳೇ. ಈಸ್ಟರ್ ಆಗಿ ನಲವತ್ತನೇ ದಿನಕ್ಕೆ ಇಲ್ಲಿ ಜಾತ್ರೆ. ನಾವು ಹೋದಾಗ ಅದಕ್ಕೇ ಸುಣ್ಣ ಬಳಿಯುತ್ತಿದ್ದರು. ಇಲ್ಲಿಯ ಜಾತ್ರೆಯ ಪದ್ಧತಿ ನನಗೆ ಬಹಳ ಇಷ್ಟವಾಯಿತು. ಒಂದು ಮನೆಯವರು ವರ್ಷದ ಮಟ್ಟಿಗೆ ದೇವರ ಪಟವನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಾರೆ. ಜಾತ್ರೆಯ ದಿನ ಬಂದವರಿಗೆಲ್ಲ ಊಟ ಹಾಕುವುದು ಅವರ ಜವಾಬ್ದಾರಿ. ಪಂಕ್ತಿಯಲ್ಲಿ ಮೊದಲು ಬರುವುದು ಕಡಲೆ. ಗುರುತಿರಲಿ, ಇಲ್ಲದಿರಲಿ, ಬಂದವರು ಕೂತು ಉಣ್ಣಬಹುದು.

ಅಷ್ಟರಲ್ಲಿ ಉತ್ತರದಿಂದ ಗಾಳಿ ಎದ್ದಿತು. ಸುಣ್ಣ ಬಳಿಯುತ್ತಿದ್ದವನ ಬಕೆಟ್ ಉರುಳಿ ನನ್ನ ಕಪ್ಪು ಪ್ಯಾಂಟಿಗೆ ಒಂದು ಕಾಲು ಬಿಳಿಯಾಯಿತು. ಅವನು ನೂರು ಸಲ ಕ್ಷಮೆ ಕೇಳಿದ. ಅಕ್ಕ ನಕ್ಕು ನಕ್ಕು ಸೇತುವೆಯ ಕಂಬಿ ಹಿಡಿದುಕೊಂಡಳು.

ಮಂಗಳವಾರ: ಹಡಗು ಇಲ್ಲ

ಹೊರಡಬೇಕಾದ ದಿನ. ಬೆಳಗ್ಗೆ ಮನೆಯೊಡತಿ ಬಾಗಿಲು ತಟ್ಟಿ, "ಹಡಗು ಇಲ್ಲ" ಅಂದಳು. ಗಾಳಿ ಒಂದು ಮಟ್ಟ ಮೀರಿದರೆ ಕರಾವಳಿ ಪಡೆ ಹಡಗು ಬಿಡದಂತೆ ತಡೆಯುತ್ತದೆ. ಯಾರ ಮಾತೂ ನಡೆಯುವುದಿಲ್ಲ. ಇದನ್ನು ಓದಿದ್ದರಿಂದಲೇ ವಿಮಾನಕ್ಕೆ ಎರಡು ದಿನ ಮೊದಲೇ ಹೊರಡುವ ಲೆಕ್ಕ ಹಾಕಿದ್ದೆವು. ದ್ವೀಪಕ್ಕೆ ಹೋಗುವವರು ದಯವಿಟ್ಟು ಹಡಗು ಮತ್ತು ವಿಮಾನ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಪಕ್ಕದ ಕೋಣೆಯ ದಂಪತಿ ಹಾಗೆ ಮಾಡಿ ಇಡೀ ದಿನ ಫೋನಿನಲ್ಲೇ ಕಳೆದರು, ಪಾಪ.

ಟಿಕೆಟ್ ಮರುದಿನಕ್ಕೆ ಬದಲಾಯಿತು. ಶಿಖರದ ಮಠಕ್ಕೆ ಹೋಗೋಣ ಅಂದರೆ ಮನೆಯೊಡತಿ ಬಿಡಲಿಲ್ಲ. ಈ ಗಾಳಿಗೆ ಮೇಲೆ ನಿಲ್ಲಲು ಆಗುವುದಿಲ್ಲ ಅಂದಳು. ಎಕ್ಸಾಂಬೆಲಾ ಊರಿನವರೆಗೆ ಹೋಗಿ ಬಂದೆವು. ಗೋಡೆಗಳ ನಡುವಿನ ದಾರಿಯಲ್ಲಿ ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ, ಬಯಲಿಗೆ ಬಂದರೆ ಕಪಾಳಕ್ಕೆ ಹೊಡೆಯುತ್ತದೆ. ಎದೆ ಎತ್ತರಕ್ಕೆ ಯಾಕೆ ಕಟ್ಟಿದರು ಅಂತ ಆ ದಿನ ಅರ್ಥವಾಯಿತು.

ಬುಧವಾರ: ಪಿರೇಯಸ್

ಗಾಳಿ ಇಳಿದಿತ್ತು. ಕಮಾರೆಸ್‌ನಲ್ಲಿ ಎರಡು ದಿನದ ಜನ ಒಟ್ಟಿಗೆ ಸೇರಿದ್ದರು. ಆ ಜಂಗುಳಿಯಲ್ಲಿ ಶನಿವಾರದ ಮಳೆನೀರಿನ ಅಜ್ಜಿ ನಮ್ಮನ್ನು ಗುರುತು ಹಿಡಿದು ಬಂದಳು. ಕೈಯಲ್ಲಿ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆ. ಅಥೆನ್ಸ್‌ನಲ್ಲಿ ಓದುವ ಮೊಮ್ಮಗನಿಗೆ, ಅವನು ಪಿರೇಯಸ್‌ಗೆ ಬರುತ್ತಾನೆ ಅಂತ ಮನೆಯೊಡತಿ ವಿವರಿಸಿದಳು. ಅಕ್ಕನಿಗೆ ಪರದೇಶದಲ್ಲಿ ಪರರ ಪೆಟ್ಟಿಗೆ ಅಂದರೆ ಭಯ. ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅಜ್ಜಿ ಏನೂ ಅನ್ನದೆ ಟೇಪು ಕಿತ್ತು ತೋರಿಸಿದಳು. ಕಡಲೆಯ ಡಬ್ಬಿ, ಕೇಪರ್ ಬಾಟಲಿ, ಜೇನು, ಇಸ್ತ್ರಿ ಮಾಡಿದ ಎರಡು ಅಂಗಿ. ಮತ್ತೆ ಟೇಪು ಹಾಕಿ, ಅಕ್ಕನ ಕೆನ್ನೆ ತಟ್ಟಿ, ನಮಗೂ ಒಂದು ಜೇನಿನ ಬಾಟಲಿ ತುರುಕಿ ಹೋದಳು.

ಪಿರೇಯಸ್ ಮುಟ್ಟಿದಾಗ ರಾತ್ರಿ. ಗೇಟಿನ ಹತ್ತಿರ ಎತ್ತರದ ಹುಡುಗನೊಬ್ಬ ನಮ್ಮನ್ನು ನೋಡಿ ಕೈಬೀಸಿದ. ಸೀರೆ ಉಟ್ಟ ಹೆಂಗಸನ್ನು ಹುಡುಕು ಅಂತ ಅಜ್ಜಿ ಹೇಳಿದ್ದಳಂತೆ. ಪೆಟ್ಟಿಗೆ ತೆಗೆದುಕೊಂಡು, ತೂಕ ನೋಡಿ, ನಿಟ್ಟುಸಿರು ಬಿಟ್ಟ.

"ಕಡಲೆ?" ಅಂದ.

"ಕಡಲೆ" ಅಂದೆವು.

"ಹೋದ ವಾರದ್ದೇ ಇನ್ನೂ ಫ್ರಿಡ್ಜಿನಲ್ಲಿದೆ" ಅಂತ ಹೇಳಿ, ಬೇಡ ಅಂದರೂ ನನ್ನ ಬೆನ್ನಿನ ಬ್ಯಾಗು ಇಸಿದುಕೊಂಡು ಮೆಟ್ರೊ ಸ್ಟೇಷನ್ ಕಡೆ ನಡೆದ. ಒಳಗೆ ಅಕ್ಕನ ಮಣ್ಣಿನ ಪಾತ್ರೆ ಇದೆ, ಹುಷಾರು ಅಂತ ಕೂಗುತ್ತಾ ಇಬ್ಬರೂ ಅವನ ಹಿಂದೆ ಓಡಿದೆವು.